ಮೂರು ನಿಮಿಷಕ್ಕೊಂದು ಹನಿ

ದಿನ ತುಂಬದೆ ಹುಟ್ಟಿದ ಕೂಸಿಗೆ ರಕ್ತನಾಳದ ಮೂಲಕ ಪ್ರೋಟೀನ್ ಉಣಿಸುವ ಚಿಕಿತ್ಸೆ ಮೈಸೂರಿನ ದೊಡ್ಡ ಆಸ್ಪತ್ರೆಗಳದು. ಅದರ ಫಲ ಎಷ್ಟು ಎನ್ನುವುದು ಬಹುಮಟ್ಟಿಗೆ ನಂಜನಗೂಡು, ತಿ. ನರಸೀಪುರಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಒಂದು ಕಿಲೋ ತೂಗುವ ಕೂಸಿಗೆ ದಿನಕ್ಕೆ ಎರಡೂವರೆ ಗ್ರಾಂ ಅಮೈನೋ ಆಮ್ಲ ಕೊಡಬೇಕು ಎಂದಿಟ್ಟುಕೊಳ್ಳಿ. ಬಾಟಲಿಯಲ್ಲಿರುವುದು ಶೇ 10ರ ದ್ರಾವಣ, 100 ಎಂ.ಎಲ್.ನಲ್ಲಿ 10 ಗ್ರಾಂ. ಹಾಗಾಗಿ ಕೂಸಿನ ಮೈ ಸೇರಬೇಕಾದ್ದು 25 ಎಂ.ಎಲ್. ಅದನ್ನು ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ ಒಂದು ಎಂ.ಎಲ್.ಗಿಂತ ಚೂರು ಹೆಚ್ಚು. ಹನಿ ಲೆಕ್ಕದಲ್ಲಿ ಹೇಳುವುದಾದರೆ ಮೂರು ನಿಮಿಷಕ್ಕೊಂದು ಹನಿ. ಕಂಬಕ್ಕೆ ಬಾಟಲಿ ನೇತುಹಾಕಿ, ಚಕ್ರ ತಿರುಗಿಸಿ ಹನಿ ಎಣಿಸುವ ಮಾಮೂಲಿ ಡ್ರಿಪ್‌ನಿಂದ ಇಷ್ಟು ನಿಧಾನ ಆಗದ ಮಾತು. ಅದಕ್ಕೇ ಸಿರಿಂಜ್ ಪಂಪ್ ಬೇಕು. 50 ಎಂ.ಎಲ್. ಸಿರಿಂಜನ್ನು ಅಡ್ಡ ಮಲಗಿಸಿ, ಅದರ ಹಿಡಿಯನ್ನು ಹಗಲೂ ರಾತ್ರಿ ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಒತ್ತುತ್ತಾ ಹೋಗುವ ಯಂತ್ರ ಅದು. ಹೊರಗೆ ಕಾರಿಡಾರಿನಲ್ಲಿ ಕೂತ ಮನೆಯವರು ಫೋನಿನಲ್ಲಿ ಊರಿಗೆ ತಿಳಿಸುವುದು ಇಷ್ಟೇ: ‘ಮಗೀನ ಪೆಟ್ಗೇಲಿ ಮಡಗವ್ರೆ, ಗುಲ್ಕೋಸ್ ಹಾಕವ್ರೆ.’

ಆದರೆ ಆ ಸಿರಿಂಜಿನಲ್ಲಿರುವುದು ಗ್ಲೂಕೋಸ್ ಒಂದೇ ಅಲ್ಲ. ಒಂದು ಇಡೀ ಊಟವನ್ನು ಬಿಡಿಬಿಡಿಯಾಗಿ ಬಿಡಿಸಿ, ದ್ರವವಾಗಿಸಿ ಅಲ್ಲಿ ತುಂಬಿರುತ್ತಾರೆ. ಆಸ್ಪತ್ರೆಯ ಭಾಷೆಯಲ್ಲಿ ಅದು ಟಿಪಿಎನ್, ಟೋಟಲ್ ಪೇರೆಂಟರಲ್ ನ್ಯೂಟ್ರಿಷನ್.

ಒಂದೇ ಹೆದ್ದಾರಿಯ ಎರಡು ಊರು

ಕೋಯಿಕ್ಕೋಡ್‌ನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಮೈಸೂರಿನ ಒಂದು ಮಗ್ಗುಲಿಗೆ ನಂಜನಗೂಡು, ಇನ್ನೊಂದು ಮಗ್ಗುಲಿಗೆ ತಿ. ನರಸೀಪುರ. ಒಂದು ಕಪಿಲೆಯ ದಂಡೆಯ ಊರು, ಇನ್ನೊಂದು ಕಪಿಲೆ ಕಾವೇರಿಯನ್ನು ಸೇರುವ ಊರು. ಎರಡರಿಂದಲೂ ಮೈಸೂರು ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ಆಸುಪಾಸು. ಹುಲ್ಲಹಳ್ಳಿಯ, ತಲಕಾಡಿನ ಅಥವಾ ಮೂಗೂರಿನ ಹೆಣ್ಣುಮಗಳೊಬ್ಬಳಿಗೆ ಏಳನೇ ತಿಂಗಳಿಗೇ ನೋವು ಕಾಣಿಸಿಕೊಂಡರೆ ಅವಳು ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ. ಅಲ್ಲಿಂದ ಮುಂದಿನ ದಾರಿ ಸಾಮಾನ್ಯವಾಗಿ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆಗೆ. ಕೆಲವರು ಜೆಎಸ್‌ಎಸ್ ಆಸ್ಪತ್ರೆಗೋ ಬೇರೆ ಖಾಸಗಿ ಆಸ್ಪತ್ರೆಗೋ ಹೋಗುತ್ತಾರೆ.

ಸರ್ಕಾರದ ನವಜಾತ ಶಿಶು ಆರೈಕೆಗೆ ಮೂರು ಮೆಟ್ಟಿಲುಗಳಿವೆ. ಹೆರಿಗೆ ನಡೆಯುವ ಪ್ರತಿ ಜಾಗದಲ್ಲೂ ಕೂಸನ್ನು ಒರೆಸಿ, ಬೆಚ್ಚಗಿಟ್ಟು, ಉಸಿರಾಡಿಸುವಷ್ಟು ಸೌಕರ್ಯದ ಒಂದು ಮೂಲೆ. ತಾಲ್ಲೂಕು ಮಟ್ಟದಲ್ಲಿ ಎನ್‌ಬಿಎಸ್‌ಯು ಎಂಬ ಸಣ್ಣ ಘಟಕ. ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ಆರೈಕೆ ಘಟಕ. 1,800 ಗ್ರಾಂಗಿಂತ ಕಡಿಮೆ ತೂಗುವ ಅಥವಾ 34 ವಾರ ತುಂಬದ ಕೂಸನ್ನು ಮೂರನೇ ಮೆಟ್ಟಿಲಿಗೆ ಕಳಿಸಬೇಕೆಂಬುದು ನಿಯಮ. ಟಿಪಿಎನ್ ಬೇಕಾಗುವಷ್ಟು ಪುಟ್ಟ ಕೂಸುಗಳ ಜಾಗ ಅದಕ್ಕೂ ಮೇಲಿನ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ.

2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಕೂಸುಗಳು 37 ವಾರ ತುಂಬುವ ಮೊದಲೇ ಹುಟ್ಟಿದವೆಂದು ಅಂದಾಜು. ಅದರಲ್ಲಿ ಭಾರತದ ಪಾಲು 30 ಲಕ್ಷ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇವುಗಳಲ್ಲಿ ಬಹುಪಾಲು ಕೂಸುಗಳಿಗೆ ಟಿಪಿಎನ್ ಬೇಡ, ಬೆಚ್ಚನೆಯ ಆರೈಕೆ ಮತ್ತು ತಾಯಿಯ ಹಾಲು ಸಾಕು. ತೀರಾ ಮುಂಚೆ, 32 ವಾರಕ್ಕೂ ಮೊದಲು ಹುಟ್ಟಿದ, ಒಂದು ಕಿಲೋ ಆಸುಪಾಸಿನ ಕೂಸುಗಳ ಕಥೆ ಬೇರೆ.

‘ಏಳಕ್ಕೆ ಹುಟ್ಟಿದರೆ ಬದುಕುತ್ತೆ, ಎಂಟಕ್ಕೆ ಹುಟ್ಟಿದರೆ ಕಷ್ಟ’ ಎಂದು ನಮ್ಮ ಕಡೆ ಹಿರಿಯರು ಈಗಲೂ ಹೇಳುವುದುಂಟು. ಅದು ಸುಳ್ಳು. ಬಸಿರಿನಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ.

ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ

ಹೊಟ್ಟೆಯೊಳಗಿನ ಕೂಸು ಉಣ್ಣುವುದೂ ರಕ್ತನಾಳದ ಮೂಲಕವೇ. ಮಾಸು ತಾಯಿಯ ರಕ್ತದಿಂದ ಅಮೈನೋ ಆಮ್ಲಗಳನ್ನು ಎಳೆದುಕೊಂಡು ಕೂಸಿನ ಕಡೆಗೆ ಪಂಪ್ ಮಾಡುತ್ತದೆ. ಎಷ್ಟೆಂದರೆ, ಅವುಗಳ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತ ಕೂಸಿನ ರಕ್ತದಲ್ಲೇ ಹೆಚ್ಚು. ಏಳನೇ ತಿಂಗಳ ಹೊತ್ತಿಗೆ ಕೂಸಿಗೆ ಕಿಲೋ ತೂಕಕ್ಕೆ ದಿನಕ್ಕೆ ಮೂರೂವರೆ, ನಾಲ್ಕು ಗ್ರಾಂ ಸಿಗುತ್ತಿರುತ್ತದೆ. ಕಿಲೋಗೆ ಸುಮಾರು 15 ಗ್ರಾಂನಂತೆ ಅದು ದಿನದಿನ ಬೆಳೆಯುತ್ತಿರುತ್ತದೆ.

ಹೆರಿಗೆಯಾದ ಗಳಿಗೆಗೆ ಈ ಸರಬರಾಜು ಒಮ್ಮೆಲೇ ನಿಂತುಹೋಗುತ್ತದೆ. ಕರುಳು ಇನ್ನೂ ಬಲಿತಿಲ್ಲ. ಚೀಪಿ, ನುಂಗಿ, ಉಸಿರಾಡುವ ಮೂರೂ ಕೆಲಸವನ್ನು ಹೊಂದಿಸಿಕೊಳ್ಳುವ ಶಕ್ತಿ ಬರುವುದು 34 ವಾರದ ಸುಮಾರಿಗೆ. ಆಗ ಬರೀ ಗ್ಲೂಕೋಸ್ ಕೊಟ್ಟು ಕಾಯುತ್ತಾ ಕೂತರೆ, ಸೌದೆ ತೀರಿತೆಂದು ಮನೆಯ ತೊಲೆ ಕಿತ್ತು ಒಲೆಗೆ ಹಾಕಿದಂತಾಗುತ್ತದೆ. ಕೂಸು ತನ್ನ ಸ್ನಾಯುವನ್ನೇ ಒಡೆದು ಉರಿಸುತ್ತದೆ. ತೀರಾ ಪುಟ್ಟ ಕೂಸು ಹೀಗೆ ದಿನವೊಂದಕ್ಕೆ ಕಿಲೋಗೆ ಒಂದು ಗ್ರಾಂಗೂ ಹೆಚ್ಚು ಪ್ರೋಟೀನ್ ಕಳೆದುಕೊಳ್ಳುತ್ತದೆ. ಅದು ಮೈಯಲ್ಲಿರುವ ಒಟ್ಟು ಪ್ರೋಟೀನಿನ ಶೇ 1ರಷ್ಟು. ಅದೇ ದಿನ ಬಸಿರಿನಲ್ಲೇ ಇದ್ದಿದ್ದರೆ ಎರಡು ಗ್ರಾಂ ಕೂಡಿಸಿಕೊಳ್ಳುತ್ತಿತ್ತು. ನಾಲ್ಕೈದು ದಿನ ಹೀಗೆ ಹೋದರೆ ಬೀಳುವ ಕೊರತೆಯನ್ನು ತುಂಬಲು ವಾರಗಳೇ ಬೇಕು. ಮಿದುಳು ಅತಿ ವೇಗದಿಂದ ಬೆಳೆಯುವುದೂ ಅದೇ ವಾರಗಳಲ್ಲಿ.

ಭಯದಿಂದ ಭರವಸೆಯವರೆಗೆ

ರಕ್ತನಾಳಕ್ಕೆ ಪ್ರೋಟೀನ್ ಕೊಡುವ ಪ್ರಯತ್ನ ಹಳೆಯದು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1940ರ ದಶಕದಲ್ಲೇ ಹಾಲಿನ ಕೇಸೀನನ್ನು ಕಿಣ್ವಗಳಿಂದ ಒಡೆದು, ಸೋಸಿ, ಸುರಕ್ಷಿತ ದ್ರಾವಣ ಮಾಡಿದ್ದರು. ಸೋಯಾ ಎಣ್ಣೆಯನ್ನು ಹಾಲಿನಂತೆ ಕಲಕಿ ರಕ್ತಕ್ಕೆ ಕೊಡಬಹುದಾದ ಕೊಬ್ಬಿನ ದ್ರಾವಣವೂ 1960ರ ದಶಕದ ಆರಂಭದಲ್ಲಿ ಅವರ ಕೈಯಿಂದಲೇ ಬಂತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮೊದಲು ಬೀಗಲ್ ನಾಯಿಮರಿಗಳನ್ನು ರಕ್ತನಾಳದ ಆಹಾರದಿಂದಲೇ ಬೆಳೆಸಿ ತೋರಿಸಿದರು. ಬಳಿಕ 1967ರಲ್ಲಿ, ಸಣ್ಣ ಕರುಳೇ ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಕೂಸೊಂದಕ್ಕೆ ಅದೇ ಆಹಾರ ಕೊಟ್ಟರು. ಕೊನೆಗೆ ಆ ಮಗು ಉಳಿಯಲಿಲ್ಲ. ಆದರೆ ಬಾಯಿಗೆ ಏನೂ ಹೋಗದೆಯೂ ಮಗು ತೂಕ ಏರಿಸಿಕೊಂಡು ಬೆಳೆಯಬಲ್ಲದು ಎಂಬುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಮೊದಮೊದಲ ದ್ರಾವಣಗಳಿಂದ ಪುಟ್ಟ ಕೂಸುಗಳಿಗೆ ತೊಂದರೆಯೂ ಆಯಿತು. ಕೆಲವಕ್ಕೆ ರಕ್ತದಲ್ಲಿ ಅಮೋನಿಯ ಏರಿತು, ಕೆಲವಕ್ಕೆ ರಕ್ತ ಆಮ್ಲೀಯವಾಯಿತು. ಆ ಭಯ ವೈದ್ಯರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು: ಮೊದಲ ದಿನಗಳಲ್ಲಿ ಬೇಡ, ಆಮೇಲೆ ಅರ್ಧ ಗ್ರಾಂನಿಂದ ಶುರು ಮಾಡೋಣ, ದಿನಕ್ಕೆ ಅರ್ಧರ್ಧ ಏರಿಸೋಣ ಎನ್ನುವುದೇ ಪಾಠವಾಯಿತು. ಶುದ್ಧ ಅಮೈನೋ ಆಮ್ಲಗಳನ್ನೇ ಬೆರೆಸಿ ಮಾಡಿದ, ಅದರಲ್ಲೂ ಕೂಸುಗಳಿಗೆಂದೇ ಹದಗೊಳಿಸಿದ ದ್ರಾವಣ ಬಂದ ಮೇಲೆ ಆ ತೊಂದರೆ ತಗ್ಗಿತು. ಹುಟ್ಟಿದ ದಿನವೇ ಶುರು ಮಾಡಿದರೂ ಅಪಾಯವಿಲ್ಲ ಎಂಬುದು 1990ರ ಬಳಿಕದ ಅಧ್ಯಯನಗಳಲ್ಲಿ ಖಚಿತವಾಯಿತು.

ಕೂಸುಗಳ ದ್ರಾವಣವೇ ಬೇರೆ ಯಾಕೆ? ದೊಡ್ಡವರ ಯಕೃತ್ತು ಸಿಸ್ಟೀನ್, ಟೈರೋಸಿನ್‌ನಂಥ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ದಿನ ತುಂಬದ ಕೂಸಿನ ಯಕೃತ್ತಿನಲ್ಲಿ ಅದಕ್ಕೆ ಬೇಕಾದ ಕಿಣ್ವಗಳು ಇನ್ನೂ ಸಾಲದು. ಹೊರಗಿನಿಂದಲೇ ಕೊಡೋಣವೆಂದರೆ ಟೈರೋಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸಿಸ್ಟೀನ್ ಬಾಟಲಿಯಲ್ಲಿ ಬಹುಕಾಲ ನಿಲ್ಲುವುದಿಲ್ಲ. ತಯಾರಕರು ಇವಕ್ಕೆ ಸುತ್ತುದಾರಿ ಹುಡುಕಿದ್ದಾರೆ, ಟಾರಿನ್ ಸೇರಿಸಿದ್ದಾರೆ. ದೊಡ್ಡವರ ಬಾಟಲಿಯಲ್ಲಿ ಗ್ಲೈಸಿನ್, ಮೆಥಿಯೋನಿನ್ ಹೆಚ್ಚು. ಅಗ್ಗವೆಂದು ಅದನ್ನೇ ಕೂಸಿಗೆ ಹಾಕುವುದು ಸಲ್ಲ.

ಎಂಬತ್ತು ಎಂ.ಎಲ್.ನೊಳಗೆ ಒಂದು ದಿನ

ಒಂದು ಕಿಲೋ ಕೂಸಿನ ಮೊದಲ ದಿನದ ಲೆಕ್ಕವನ್ನೇ ನೋಡೋಣ. ಆ ದಿನ ಅದರ ಮೈ ತಾಳುವ ಒಟ್ಟು ದ್ರವ ಸುಮಾರು 80 ಎಂ.ಎಲ್. ಅಮೈನೋ ಆಮ್ಲ ಒಂದೂವರೆ ಗ್ರಾಂ ಎಂದರೆ 15 ಎಂ.ಎಲ್. ಕೊಬ್ಬು ಒಂದು ಗ್ರಾಂ ಎಂದರೆ ಶೇ 20ರ ದ್ರಾವಣದಲ್ಲಿ 5 ಎಂ.ಎಲ್. ಉಳಿದ 60 ಎಂ.ಎಲ್.ನಲ್ಲೇ ಗ್ಲೂಕೋಸ್, ಕ್ಯಾಲ್ಸಿಯಂ ಎಲ್ಲವೂ ಕೂರಬೇಕು. ಗ್ಲೂಕೋಸ್ ಶೇ 12.5ರದಾದರೆ ಏಳೂವರೆ ಗ್ರಾಂ ಸಿಗುತ್ತದೆ. ಎಲ್ಲ ಕೂಡಿದರೆ 41 ಕ್ಯಾಲೊರಿ ಆಸುಪಾಸು. ಮೊದಲ ದಿನಕ್ಕೆ ಕನಿಷ್ಠ 45ರಿಂದ 55 ಇರಲಿ ಎಂಬುದು ಯುರೋಪಿನ ತಜ್ಞರ ಸಲಹೆ. ಇಲ್ಲಿ ಅದಕ್ಕೂ ಒಂದಿಷ್ಟು ಕಮ್ಮಿಯೇ. ಬರೀ ಶೇ 10ರ ಗ್ಲೂಕೋಸ್ ಹಾಕಿದ್ದರೆ 27ಕ್ಕೇ ನಿಲ್ಲುತ್ತಿತ್ತು. ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಲೈನ್ ತೊಳೆಯಲು ತಳ್ಳುವ ಅರ್ಧ ಎಂ.ಎಲ್. ನೀರೂ ಇದೇ 80ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎನ್‌ಐಸಿಯುನ ನರ್ಸ್ ಬರೆದಿಡುವ ಚಾರ್ಟ್ ಯಾವ ಬ್ಯಾಂಕಿನ ಲೆಡ್ಜರಿಗೂ ಕಮ್ಮಿಯಿಲ್ಲ.

2018ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಮೊದಲ ದಿನ ಕಿಲೋಗೆ ಕನಿಷ್ಠ 1.5 ಗ್ರಾಂ, ಎರಡನೇ ದಿನದಿಂದ ಎರಡೂವರೆಯಿಂದ ಮೂರೂವರೆ ಗ್ರಾಂ. ಒಳ್ಳೆಯದಾದರೆ ಇನ್ನೂ ಹೆಚ್ಚು ಕೊಡಬಹುದಲ್ಲ ಎಂಬ ಪ್ರಶ್ನೆಯನ್ನು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ವೈದ್ಯರು ಪರೀಕ್ಷೆಗೇ ಒಡ್ಡಿದರು. ಒಂದು ಕಿಲೋಗಿಂತ ಕಡಿಮೆ ತೂಗುವ ಕೂಸುಗಳಿಗೆ ಮೊದಲ ಐದು ದಿನ ದಿನಕ್ಕೆ ಒಂದು ಗ್ರಾಂ ಹೆಚ್ಚುವರಿ ಕೊಟ್ಟು, ಎರಡು ವರ್ಷ ತುಂಬಿದಾಗ ನೋಡಿದರು. 2022ರಲ್ಲಿ ಫಲಿತಾಂಶ ಬಂತು: ಹೆಚ್ಚುವರಿ ಕೊಟ್ಟಿದ್ದರಿಂದ ಲಾಭವಾಗಲಿಲ್ಲ. ರಕ್ತದಲ್ಲಿ ಫಾಸ್ಫೇಟ್ ಕುಸಿಯುವ ತೊಂದರೆ ಆ ಗುಂಪಿನಲ್ಲೇ ಹೆಚ್ಚು ಕಂಡಿತು. ಅಮೈನೋ ಆಮ್ಲ ಸಿಕ್ಕೊಡನೆ ಜೀವಕೋಶಗಳು ಕಟ್ಟುವ ಕೆಲಸಕ್ಕಿಳಿಯುತ್ತವೆ. ಅದಕ್ಕೆ ಬೇಕಾದ ಫಾಸ್ಫೇಟ್, ಪೊಟ್ಯಾಸಿಯಂಗಳನ್ನು ರಕ್ತದಿಂದ ಎಳೆದುಕೊಳ್ಳುತ್ತವೆ. ಅವನ್ನೂ ಜೊತೆಗೇ ಅಳೆದು ಕೊಡದಿದ್ದರೆ ಪೋಷಣೆಯೇ ಪೆಟ್ಟಾಗುತ್ತದೆ.

ಅಪಾಯ ಬಾಟಲಿಗಿಂತ ಲೈನಿನಲ್ಲಿ ಹೆಚ್ಚು. ಹೊಕ್ಕುಳಿನ ರಕ್ತನಾಳದಿಂದಲೋ ತೋಳಿನಿಂದಲೋ ದಾರದಂಥ ಕೊಳವೆಯನ್ನು ಹೃದಯದ ಹತ್ತಿರದವರೆಗೆ ತಳ್ಳಿರುತ್ತಾರೆ. ಸಕ್ಕರೆ, ಕೊಬ್ಬು, ಪ್ರೋಟೀನ್ ಮೂರೂ ಕೂಸಿಗೆ ಬೇಕಾದಷ್ಟೇ ರೋಗಾಣುವಿಗೂ ಪ್ರಿಯ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ನವಜಾತ ಶಿಶುಗಳ ನಂಜಿಗೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ, ಔಷಧಗಳಿಗೆ ಬಗ್ಗದ ರೋಗಾಣುಗಳೇ ಮುಖ್ಯ ಕಾರಣವೆಂದು ತೋರಿಸಿತು. ಹೀಗಾಗಿಯೇ ದ್ರಾವಣ ಬೆರೆಸಲು ಸೋಸಿದ ಗಾಳಿ ಹರಿಯುವ ಪೆಟ್ಟಿಗೆ, ಮುಟ್ಟುವ ಮುನ್ನ ಪ್ರತಿ ಸಲವೂ ಕೈತೊಳೆತ, ಬೆಳಕು ತಾಗಿ ಕೊಬ್ಬು ಕೆಡದಂತೆ ಸಿರಿಂಜ್ ಮತ್ತು ಕೊಳವೆಗೆ ಮರೆ, ಇಷ್ಟೆಲ್ಲ ಬೇಕು. ವಾರಗಟ್ಟಲೆ ಟಿಪಿಎನ್ ಮೇಲೆಯೇ ಇದ್ದರೆ ಪಿತ್ತ ಹರಿಯದೆ ಯಕೃತ್ತು ಸೊರಗುವುದೂ ಉಂಟು. ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ಮಾಡುವುದಿಲ್ಲ, ಮಾಡಲೂಬಾರದು.

ತಾಲ್ಲೂಕಿನಲ್ಲಿ ಆಗಬೇಕಾದ್ದು

ಹಾಗಿದ್ದರೆ ನಂಜನಗೂಡಿಗೂ ತಿ. ನರಸೀಪುರಕ್ಕೂ ಇದರಲ್ಲಿ ಏನು ಕೆಲಸ? ಈ ಚಿಕಿತ್ಸೆಯ ಎರಡು ತುದಿಗಳೂ ಅಲ್ಲಿವೆ.

ಮೊದಲ ತುದಿ, ಹೆರಿಗೆಗೂ ಹಿಂದಿನದು. ಹೊತ್ತಿಗೆ ಮುಂಚೆ ನೋವು ಬಂದ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಹದಕ್ಕೆ ಬರುತ್ತದೆ. ಬೆಲೆ ಅಲ್ಪ, ಹನ್ನೆರಡು ಗಂಟೆಗೊಂದರಂತೆ ನಾಲ್ಕು ಡೋಸ್. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ, ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜೂ ಭಾಗಿಯಾಗಿದ್ದ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು: ಇಂಜೆಕ್ಷನ್ ಪಡೆದ ತಾಯಂದಿರ ಕೂಸುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ವಾರಗಳ ಲೆಕ್ಕ ಸರಿಯಿರಬೇಕು, ಕೂಸನ್ನು ನೋಡಿಕೊಳ್ಳುವ ಆಸ್ಪತ್ರೆ ಹತ್ತಿರವಿರಬೇಕು ಎಂಬ ಷರತ್ತು ಇದಕ್ಕಿದೆ. ಬಸಿರಿನ ಆರಂಭದಲ್ಲೇ ಸ್ಕ್ಯಾನ್ ಮಾಡಿಸಿ ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಸಿದ್ದರೆ ಮೊದಲ ಷರತ್ತು ತೀರುತ್ತದೆ. ಎರಡನೆಯದಕ್ಕೆ ಮೈಸೂರು ಇದೆ.

ಸಮಯವಿದ್ದರೆ ಹೆರಿಗೆಗೆ ಮುನ್ನವೇ ತಾಯಿಯನ್ನು ಮೈಸೂರಿಗೆ ಸಾಗಿಸುವುದು ಎಲ್ಲಕ್ಕಿಂತ ಲೇಸು. ಕೂಸು ಆಗಲೇ ಹುಟ್ಟಿಬಿಟ್ಟರೆ ಅದನ್ನು ಬೆಚ್ಚಗಿಟ್ಟೇ ಕಳಿಸಬೇಕು. ಮೈ ತಣ್ಣಗಾದ ಕೂಸು ಬಿಸಿ ಕಾಯಿಸಿಕೊಳ್ಳಲೆಂದು ಇರುವ ಸಕ್ಕರೆ, ಆಮ್ಲಜನಕವನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಹಾಗೆ ಬಂದ ಕೂಸಿಗೆ ಎನ್‌ಐಸಿಯುನಲ್ಲಿ ಮೊದಲ ಕೆಲಸ ಪ್ರಾಣ ಉಳಿಸುವುದು. ಊಟದ ಮಾತು ಆಮೇಲೆ. 108 ಆಂಬುಲೆನ್ಸ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿ ಮತ್ತು ಕೂಸಿಗೆ ಚಿಕಿತ್ಸೆ, ಸಾಗಣೆ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಹತ್ತಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಒಯ್ಯುವುದಕ್ಕಿಂತ, ಬಟ್ಟೆಯಿಲ್ಲದ ಕೂಸನ್ನು ಟೋಪಿ ಹಾಕಿ ತಾಯಿಯ ಅಥವಾ ಅಜ್ಜಿಯ ಎದೆಗೇ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಒಯ್ಯುವುದು ಬೆಚ್ಚಗೆ. ಕಾಂಗರೂ ಆರೈಕೆ ಎಂದು ಇದಕ್ಕೆ ಹೆಸರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಕೊಪ್ಪಳ ಜಿಲ್ಲೆಯ ಸರ್ಕಾರಿ ವ್ಯವಸ್ಥೆಯೊಳಗೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದೆ.

ಎರಡನೇ ತುದಿ ತಾಯಿಯ ಎದೆಹಾಲು. ಟಿಪಿಎನ್ ಶುರುವಾದ ದಿನವೇ ಅದನ್ನು ನಿಲ್ಲಿಸುವ ತಯಾರಿಯೂ ಶುರುವಾಗಬೇಕು. ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಎರಡು ಗಂಟೆಗೊಂದು ಎಂ.ಎಲ್. ಹಾಲಿನಿಂದ ಆರಂಭಿಸಿ, ಕರುಳು ತಾಳಿದಂತೆ ಏರಿಸುತ್ತಾರೆ. ದಿನಕ್ಕೆ ಕಿಲೋಗೆ 100, 120 ಎಂ.ಎಲ್. ಮುಟ್ಟಿದರೆ ಟಿಪಿಎನ್ ತೆಗೆದು, ಲೈನನ್ನೂ ತೆಗೆಯಬಹುದು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನ ವೈದ್ಯರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದರಿಂದ ಒಂದೂವರೆ ಕಿಲೋ ತೂಕದ, ಬೇರೆ ತೊಂದರೆಯಿಲ್ಲದ ಕೂಸುಗಳಿಗೆ ಮೊದಲ ದಿನದಿಂದಲೇ ಪೂರ್ತಿ ಹಾಲು ಕೊಡಲಾಯಿತು. ಅವು ಬೇಗ ಚೇತರಿಸಿಕೊಂಡು ಬೇಗ ಮನೆಗೆ ಹೋದವು.

ತೊಡಕು ಇರುವುದು ಇಲ್ಲೇ. ಸಿಸೇರಿಯನ್ ಆದ ತಾಯಿ ನಂಜನಗೂಡಿನ ವಾರ್ಡಿನಲ್ಲಿ, ಕೂಸು ಮೈಸೂರಿನ ಪೆಟ್ಟಿಗೆಯಲ್ಲಿ. ‘ಮಗುವೇ ಇಲ್ಲಿಲ್ಲ, ಹಾಲು ಹಿಂಡಿ ಏನು ಮಾಡೋದು’ ಎಂದು ಸುಮ್ಮನಾದರೆ ಕೆಲವೇ ದಿನಗಳಲ್ಲಿ ಎದೆ ಬತ್ತತೊಡಗುತ್ತದೆ. ಹೆರಿಗೆಯಾದ ಕೆಲವೇ ಗಂಟೆಯೊಳಗೆ ಶುರು ಮಾಡಿ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಬೇಕು. ಮೊದಲ ಸಲ ಬರುವುದು ಅರ್ಧ ಚಮಚವಿದ್ದರೂ ನಿರಾಸೆ ಬೇಡ. ಕೂಸಿಗೆ ಆ ಹೊತ್ತಿಗೆ ಬೇಕಾದ್ದೂ ಅಷ್ಟೇ. ಹಳದಿಯಿದೆ, ಕೆಟ್ಟದ್ದು ಎಂದು ಚೆಲ್ಲುವ ಆ ಗಿಣ್ಣು ಹಾಲಿನಲ್ಲಿ ಪ್ರೋಟೀನೂ ರೋಗನಿರೋಧಕಗಳೂ ಸಾಂದ್ರವಾಗಿವೆ. ಕುದಿಸಿ ಆರಿಸಿದ ಬಾಟಲಿಯಲ್ಲಿ ಅದು ಕೋಣೆಯ ಉಷ್ಣತೆಯಲ್ಲೂ ನಾಲ್ಕು ಗಂಟೆ ಕೆಡದು. ಮೈಸೂರಿಗೆ ಒಂದು ಗಂಟೆಯ ದಾರಿ. ಕೂಸನ್ನು ನೋಡಲು ಹೊರಟ ಅಪ್ಪನ ಕೈಚೀಲದಲ್ಲಿ ಆ ಬಾಟಲಿ ಇರಬೇಕು. ಜೇನುತುಪ್ಪ, ಸಕ್ಕರೆ ನೀರು ಇರಬಾರದು.

ತಾಯಿಗೆ ಹಾಲೇ ಬರದಿದ್ದರೆ ದಾನದ ಎದೆಹಾಲು ಒಂದು ದಾರಿ. ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ತೆರೆಯಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಗೆ ಅದು ಬಂದದ್ದು 2022ರಲ್ಲಿ.

ಮಿಷನ್ ಆಸ್ಪತ್ರೆಯ ಹಳೆಯ ದಾಖಲೆ

ಈ ಕೆಲವು ವಾರಗಳ ಊಟ ಇಡೀ ಬದುಕಿಗೆ ಮುಖ್ಯ ಎನ್ನಲು ಹೊರದೇಶದ ಸಾಕ್ಷಿಯೇ ಬೇಕೆಂದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡಿತ್ತು. ಹಾಗೆ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ಬಾಳುತ್ತಿದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನಡುವಯಸ್ಸಿನ ಹೊತ್ತಿಗೆ ಹೃದಯದ ಕಾಯಿಲೆ ಶೇ 11, 3.2 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಶೇ 3. ಅವರಲ್ಲಿ ಹೆಚ್ಚಿನವರು ದಿನ ತುಂಬಿಯೇ ಹುಟ್ಟಿದವರು ಎಂಬುದು ನೆನಪಿರಲಿ. ಬಸಿರಿನ ಕಡೆಯ ತಿಂಗಳುಗಳ ಕೊರತೆ ಎಲ್ಲಿಯವರೆಗೆ ಕೈಚಾಚುತ್ತದೆ ಎಂಬುದಂತೂ ಸ್ಪಷ್ಟ.

ಹತ್ತಿರದ ಪರಿಣಾಮವೂ ಇದೆ. ಮೊದಲ ವಾರಗಳಲ್ಲಿ ತೂಕ ಸರಿಯಾಗಿ ಏರದ ಕೂಸುಗಳಿಗೆ ಕಣ್ಣಿನ ರೆಟಿನಾ ಕೆಡುವ ಅಪಾಯ ಹೆಚ್ಚು. ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ತಿಂಗಳು ತುಂಬುವುದರೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ, ಕ್ಯಾಮೆರಾ ಹಿಡಿದು ಜಿಲ್ಲೆಗಳಿಗೇ ಹೋಗಿ ಈ ಪರೀಕ್ಷೆ ಮಾಡುವುದನ್ನು ರಾಜ್ಯದಲ್ಲಿ ರೂಢಿಗೆ ತಂದಿತು. ಡಿಸ್ಚಾರ್ಜ್ ಆದ ಖುಷಿಯಲ್ಲಿ ಊರು ಸೇರಿದವರು ಈ ತಾರೀಖನ್ನು ಮರೆತರೆ ಉಳಿಸಿಕೊಂಡದ್ದರಲ್ಲಿ ಅರ್ಧ ಕೈಬಿಟ್ಟಂತೆ.

ಎನ್‌ಐಸಿಯು ಬಾಗಿಲಲ್ಲಿ ನಿಂತ ಮನೆಯವರು ಸಾಮಾನ್ಯವಾಗಿ ಕೇಳುವುದು ‘ಮಗು ಎಷ್ಟು ತೂಕ ಆಯ್ತು’ ಎಂದು. ಇನ್ನೆರಡು ಪ್ರಶ್ನೆಗಳನ್ನೂ ಕೇಳಬಹುದು: ಇವತ್ತು ಎಷ್ಟು ಎಂ.ಎಲ್. ತಾಯಿಯ ಹಾಲು ಹೋಯಿತು? ಲೈನ್ ತೆಗೆಯುವುದು ಯಾವಾಗ? ಅಮೈನೋ ಆಮ್ಲದ ದ್ರಾವಣ, ಸಿರಿಂಜ್ ಪಂಪ್, ನುರಿತ ನರ್ಸ್, ಇವೆಲ್ಲ ದುಬಾರಿ. ಅವು ಮೈಸೂರಿನಲ್ಲಿರಲೇಬೇಕು. ಆದರೆ ಅವುಗಳ ಮೇಲೆ ಕೂಸು ಹತ್ತು ದಿನ ಇರಬೇಕೋ ಐದೇ ದಿನ ಸಾಕೋ ಎನ್ನುವುದನ್ನು ತೀರಾ ಅಗ್ಗದ ವಸ್ತುಗಳು ನಿರ್ಧರಿಸುತ್ತವೆ: ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಾಲು ಹಿಂಡಲು ಕಲಿಸುವ ಒಬ್ಬ ನರ್ಸ್, ಒಂದು ಬ್ರೆಸ್ಟ್ ಪಂಪ್, ಒಂದು ಐಸ್ ಡಬ್ಬಿ, ದಿನಕ್ಕೆ ಎರಡು ಬಾರಿ ಮೈಸೂರಿಗೆ ಹೋಗಿಬರುವ ಒಂದು ವಾಹನ. ಅದಕ್ಕೂ ಮಿಗಿಲಾಗಿ, ತಾಯಿಯನ್ನು ಆದಷ್ಟು ಬೇಗ ಕೂಸಿನ ಪಕ್ಕಕ್ಕೇ ಸೇರಿಸಿ ಅಲ್ಲೇ ಒಂದು ಮಂಚ ಕೊಡುವ ಏರ್ಪಾಡು. ಮುಂದಿನ ಬಜೆಟ್‌ನಲ್ಲಿ ಹೊಸ ಯಂತ್ರಕ್ಕೆ ಹಣ ಕೇಳುವ ಮುನ್ನ ಆರೋಗ್ಯ ಇಲಾಖೆ ಈ ಪಟ್ಟಿಯನ್ನು ಮುಗಿಸಲಿ.